ಬಿರುಕಪ್ಪ ಕಂಡ ಬಿರುಕು

ಮನೆಯಲ್ಲಿ ಅವನಿಗೆ ಬಿರುಕಪ್ಪ ಎಂದು ಹೆಸರಿಟ್ಟವಳು ಮಗಳು. ಹೆಂಡತಿ ಮೊದಮೊದಲು ಮಗಳನ್ನು ಗದರಿದಳು, ಆಮೇಲೆ ತಾನೂ ಹಾಗೇ ಕರೆಯತೊಡಗಿದಳು. ಹೆಸರು ಸುಮ್ಮನೆ ಬಂದದ್ದಲ್ಲ. ಈ ಮನುಷ್ಯ ಚಹಾ ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡುತ್ತಿದ್ದ. ನೆಂಟರ ಮನೆಗೆ ಹೋದರೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡದೆ ಕೂರುತ್ತಿರಲಿಲ್ಲ. ಒಮ್ಮೆ ಭಾವಮೈದುನನ ಹೊಸ ಮನೆ ನೋಡಲು ಹೋಗಿದ್ದಾಗ, ಎಲ್ಲರೂ ನೆಲದ ಹೊಳಪು ಹೊಗಳುತ್ತಿದ್ದರೆ ಇವನು ಕಿಟಕಿಯ ಮೂಲೆಯನ್ನು ಉಗುರಿನಿಂದ ಗೀರುತ್ತ, "ಇಲ್ಲೊಂದು ಎಳೆ ಬಿಟ್ಟಿದೆ ನೋಡಿ" ಅಂದುಬಿಟ್ಟ. ಅಲ್ಲಿಗೆ ಆ ಮನೆಯಿಂದ ಕರೆ ಬರುವುದು ನಿಂತಿತು. ಹೆಂಡತಿ ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ.

ಹೊಟ್ಟೆಪಾಡೂ ಅದೇ ಆಗಿತ್ತು. ಊರಂಚಿನ ಕಾರ್ಖಾನೆಗಳ ಸಾಲಿನಲ್ಲಿ, ವಸ್ತುಗಳನ್ನು ಒಡೆಯದೆ ಕೊಯ್ಯದೆ ಒಳಗೆ ಹೇಗಿವೆ ಎಂದು ಪರೀಕ್ಷಿಸಿ ಹೇಳುವ ಸಣ್ಣ ಸಂಸ್ಥೆಯೊಂದಿತ್ತು. ಅಲ್ಲಿ ಅವನು ಎಕ್ಸ್‌ರೇ ಯಂತ್ರ ನಡೆಸುತ್ತಿದ್ದ. ಆಸ್ಪತ್ರೆಯಲ್ಲಿರುವಂಥದ್ದಲ್ಲ. ಆಸ್ಪತ್ರೆಯದು ಕಿರಣವನ್ನು ಯಾವುದು ಎಷ್ಟು ತಡೆಯಿತು ಎಂಬುದನ್ನಷ್ಟೇ ತೋರಿಸುತ್ತದೆ. ಎಲುಬು ಕಾಣುತ್ತದೆ, ಕಬ್ಬಿಣ ಕಾಣುತ್ತದೆ. ಆದರೆ ಕಾರ್ಬನ್ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಒತ್ತಿ ಮಾಡಿದ ವಸ್ತು ಅದಕ್ಕೆ ಇದ್ದೂ ಇಲ್ಲದ ಹಾಗೆ. ಅದರೊಳಗೆ ಕೂದಲಿಗಿಂತ ತೆಳುವಾದ ಬಿರುಕಿದ್ದರೆ ದೇವರೇ ಬಂದು ಹೇಳಬೇಕು. ಇವನ ಯಂತ್ರದಲ್ಲಿ ಕಿರಣದ ದಾರಿಗೆ ಅಡ್ಡಲಾಗಿ ಮೂರು ಗೆರೆಪಟ್ಟಿಗಳು ನಿಂತಿರುತ್ತವೆ. ನೋಡಲು ಬರೀ ಹೊಳೆಯುವ ಬಿಲ್ಲೆಗಳು. ಆದರೆ ಒಂದೊಂದರ ಮೇಲೂ ಬರಿಗಣ್ಣಿಗೆ ಸಿಕ್ಕದಷ್ಟು ಸಣ್ಣ ಗೆರೆಗಳು, ಮೇಲಿಂದ ಕೆಳಕ್ಕೆ ನೆಟ್ಟಗೆ, ಒತ್ತೊತ್ತಾಗಿ. ಒಂದು ಪಟ್ಟಿಯನ್ನು ಇಷ್ಟಿಷ್ಟೇ ಸರಿಸುತ್ತ ಚಿತ್ರ ತೆಗೆಯುತ್ತ ಹೋದರೆ, ಕಿರಣ ಎಲ್ಲಿ ತಡೆಗೆ ಸಿಕ್ಕಿತು, ಎಲ್ಲಿ ಬಾಗಿತು, ಎಲ್ಲಿ ಚೆದರಿತು ಎಂದು ಮೂರು ಬೇರೆ ಬೇರೆ ಚಿತ್ರಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ. ಚೆದರಿದ್ದನ್ನು ತೋರಿಸುವ ಮೂರನೆಯದಕ್ಕೆ ಅಲ್ಲಿಯವರು ಕತ್ತಲ ಚಿತ್ರ ಅನ್ನುತ್ತಾರೆ. ಕಪ್ಪಿನಲ್ಲಿ ನಾರಿನ ನೇಯ್ಗೆ ಮಸುಕಾಗಿ ಕಾಣುತ್ತದೆ. ಬಿರುಕಿದ್ದರೆ ಅದರ ಮೇಲೆ ಬೆಳ್ಳಗೆ ಮಿಂಚುತ್ತದೆ.

ಈ ಯಂತ್ರಕ್ಕೆ ಒಂದು ಹಠವಿದೆ. ಪಟ್ಟಿಯ ಗೆರೆಗಳ ಜೊತೆಗೇ ಓಡುವ ಬಿರುಕು ಎದ್ದು ಕಾಣುತ್ತದೆ. ಗೆರೆಗಳಿಗೆ ಅಡ್ಡಡ್ಡ ಓಡುವ ಬಿರುಕು ಎಷ್ಟೇ ಉದ್ದವಿದ್ದರೂ ಮಾಯ. ಅದಕ್ಕೇ ಪ್ರತಿ ವಸ್ತುವನ್ನೂ ಒಮ್ಮೆ ನಿಲ್ಲಿಸಿ ಒಮ್ಮೆ ಮಲಗಿಸಿ, ಎರಡು ಸಲ ತೆಗೆಯಬೇಕು. ಮಲಗಿಸುವುದಕ್ಕೆ ಮೋಟರಿನಿಂದ ತಿರುಗುವ ಬಳೆಯೊಂದಿದೆ. ವಸ್ತು ಅದರ ಹಿಡಿತದಲ್ಲಿ ಕೂತಿರುತ್ತದೆ. ಎರಡನೆಯ ಚಿತ್ರ ಬಂದಮೇಲೆ ಕಂಪ್ಯೂಟರೇ ಅದನ್ನು ವಾಪಸು ನೆಟ್ಟಗೆ ತಿರುಗಿಸಿ ಮೊದಲನೆಯದರ ಪಕ್ಕದಲ್ಲಿಡುತ್ತದೆ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಇದು. ಕಲಿಸುತ್ತಿದ್ದವನು ಅವನೇ.

ಒಂದು ಮಾತು ಅವನ ಪರವಾಗಿ ಹೇಳಲೇಬೇಕು. ಮನೆಯಲ್ಲಿ ಇಲ್ಲದ ಬಿರುಕನ್ನೆಲ್ಲ ಕಾಣುವ ಈ ಮನುಷ್ಯ ಯಂತ್ರದ ಮುಂದೆ ಕೂತರೆ ಬೇರೆಯೇ ಆಳಾಗುತ್ತಿದ್ದ. ಕಂಡರೆ ಕಂಡಿತು, ಕಾಣದಿದ್ದರೆ ಇಲ್ಲ. ಸರಕು ತಂದವರು ಅಂಗಲಾಚಿದರೂ ಕಂಡ ಬಿರುಕನ್ನು ಮುಚ್ಚಿಟ್ಟವನಲ್ಲ. ಕಾಣದ್ದನ್ನು ಕಂಡೆ ಅಂದವನೂ ಅಲ್ಲ. ಇದು ಅವನ ಮಗಳಿಗೆ ಚೆನ್ನಾಗಿ ಗೊತ್ತಿತ್ತು. "ನಮ್ಮಪ್ಪ ಬಾಯಲ್ಲಿ ಹೇಳೋದನ್ನ ಬಿಟ್ಟಾಕಿ, ಚಿತ್ರ ನೋಡಿ ಹೇಳೋದನ್ನ ಮಾತ್ರ ಕೇಳಿ" ಎಂದು ಗೆಳತಿಯರ ಮುಂದೆ ನಗುತ್ತಿದ್ದಳು.

ಅವನು ಹೀಗಾದದ್ದು ಯಾಕೆ ಅನ್ನುವುದು ಮನೆಯಲ್ಲಿ ಮೂವರಿಗೂ ಗೊತ್ತು, ಯಾರೂ ಆಡುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಅವಳ ಶಾಲೆಯ ದಾರಿಯಲ್ಲಿ ಒಂದು ಹಳೆಯ ಗೋಡೆಯಿತ್ತು, ಗೋಡೆಯಲ್ಲಿ ಒಂದು ಬಿರುಕಿತ್ತು. ದಿನಾ ಅವಳ ಕೈ ಹಿಡಿದು ಹೋಗುವಾಗ ಅವನು ಅದನ್ನು ನೋಡುತ್ತಿದ್ದ. ಅಗಲವಾಗುತ್ತಿರುವುದೂ ಕಾಣುತ್ತಿತ್ತು. ಯಾರಿಗಾದರೂ ಹೇಳಬೇಕು ಅಂದುಕೊಂಡ. ದಾರಿಯಲ್ಲಿ ಹೋಗುವವನ ಮಾತು ಯಾರು ಕೇಳುತ್ತಾರೆ ಎಂದು ನಾಳೆಗೆ ಹಾಕಿದ. ಒಂದು ಮಧ್ಯಾಹ್ನ ಗೋಡೆ ಬಿತ್ತು. ಮಗಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಂದಿನಿಂದ ಅವನ ಬಾಯಿ ನಿಂತಿಲ್ಲ.

ಪುಟ್ಟಿ ಎಂದೇ ಎಲ್ಲರೂ ಕರೆಯುವ ಆ ಮಗಳು ಬೆಳೆದಳು. ಕೃತಕ ಕಾಲಿನ ಕೊಳವೆಯ ತುದಿಗೆ ತಿರುಪು ಹಾಕಿ ಕೂರಿಸುವ ಕಾರ್ಬನ್ ಪಾದ ಬಂತು, ಬಾಗಿದ ಒಂದು ಕಪ್ಪು ಪಟ್ಟಿ, ಹೆಜ್ಜೆ ಇಟ್ಟರೆ ಬಗ್ಗಿ ಎತ್ತಿದರೆ ಚಿಮ್ಮುವಂಥದ್ದು. ಅದನ್ನು ಹಾಕಿಕೊಂಡು ಅವಳು ಬಸ್ಸು ಹತ್ತಿದಳು, ಓಡಿದಳು, ಜಗಳಕ್ಕೂ ನಿಂತಳು. ಹುಚ್ಚು ಹಿಡಿದದ್ದು ಮಾತ್ರ ನಾಟಕದ ಬೆಳಕಿನದು. ಅಭಿನಯ ಬೇಡ, ಬಣ್ಣ ಬೇಡ. ವೇದಿಕೆಯ ನೆತ್ತಿಯ ಮೇಲಿನ ಕಬ್ಬಿಣದ ಕೊಳವೆಗಳಿಗೆ ದೀಪ ಕಟ್ಟಬೇಕು, ತಿರುಗಿಸಬೇಕು, ಕೆಳಗೆ ಒಬ್ಬರ ಮುಖದ ಮೇಲೆ ಸರಿಯಾಗಿ ಬೆಳಕು ಬೀಳಬೇಕು. ಹಾಗೆ ಹತ್ತಿ ಇಳಿಯುವ ಕೆಲಸಕ್ಕೆ ಇವಳನ್ನು ಸೇರಿಸಿಕೊಳ್ಳುವವರು ಯಾರು? ಹೋದಲ್ಲೆಲ್ಲ ಮೊದಲು ಅವಳ ಕಾಲು ನೋಡಿದರು, ಆಮೇಲೆ ಮೇಲಕ್ಕೆ ನೋಡಿದರು, ಆಮೇಲೆ ಟಿಕೆಟ್ ಕೊಡುವ ಕೆಲಸ ಇದೆ ಅಂದರು. ಕೊನೆಗೆ ಊರೂರು ತಿರುಗುವ ಒಂದು ತಂಡದ ದೀಪದ ಯಜಮಾನರು ಒಪ್ಪಿದರು. "ಒಂದು ಬೆಳಗ್ಗೆ ಬಂದು ದೀಪ ಕಟ್ಟಿ ತೋರಿಸಮ್ಮ. ಸರಿ ಅನ್ನಿಸಿದ್ರೆ ಮಧ್ಯಾಹ್ನ ನಮ್ಮ ಜೊತೆ ಗಾಡಿ ಹತ್ತು. ತಂಡದಲ್ಲಿ ಎಲ್ಲರೂ ಬೇಡ ಅಂತಿದಾರೆ, ನನ್ನ ಮರ್ಯಾದೆ ಉಳಿಸು."

ಆ ಬೆಳಗ್ಗೆ ಇನ್ನೇನು ಬಂತು ಅನ್ನುವಾಗ ಪುಟ್ಟಿ ಮನೆಯ ಮೆಟ್ಟಿಲಲ್ಲಿ ಎಡವಿದಳು. ಅವಳಿಗೇನೂ ಆಗಲಿಲ್ಲ. ಪಾದ ಮಾತ್ರ ಮೆಟ್ಟಿಲಂಚಿನ ಕಬ್ಬಿಣದ ಪಟ್ಟಿಗೆ ಜೋರಾಗಿ ಬಡಿಯಿತು. ಮೇಲೆ ಒಂದು ಗೀರೂ ಇಲ್ಲ. ಆದರೆ ಕಾರ್ಬನ್ ಪದರದ ಗುಣ ಬಿರುಕಪ್ಪನಿಗೆ ಗೊತ್ತು: ಹೊರಗೆ ನಗುತ್ತಿರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ, ಯಾವತ್ತೋ ಒಂದು ದಿನ ಭಾರ ಬಿದ್ದಾಗ ಪಟ್ಟೆಂದು ಹೋಗುತ್ತದೆ. ಊಟ ಬಿಟ್ಟ. ಮಗಳ ತಲೆ ತಿಂದ. ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: "ರೀ, ಸುಮ್ನೆ ಮಾತಾಡೋ ಬದಲು ನಿಮ್ಮ ಮಿಷನ್ನಿಗೇ ಹಾಕಿ ನೋಡಿ. ಮನೆಯಲ್ಲಿ ಮನುಷ್ಯರು ಇರ್ಬೇಕಾ ಬೇಡ್ವಾ?"

ಪುಟ್ಟಿ ಷರತ್ತು ಹಾಕಿದಳು. "ಹಾಕು. ಆದ್ರೆ ಏನೂ ಇಲ್ಲ ಅಂತ ಬಂದ್ರೆ ಈ ಕೆಲಸದ ಬಗ್ಗೆ ನೀನು ಇನ್ನೊಂದು ಮಾತು ಆಡಬಾರದು. ಒಂದೂ."

"ಆಯ್ತು" ಅಂದ.

ಕೋಣೆಯ ಉಸ್ತುವಾರಿಯ ಮೇಡಂ ಒಳ್ಳೆಯವರು. ಊಟದ ಬಿಡುವಿನಲ್ಲಿ ಹಾಕಿಕೊಳ್ಳಿ ಅಂದರು. ಮಗಳು ಊರುಗೋಲು ಊರಿಕೊಂಡು ಪಕ್ಕದಲ್ಲೇ ಕೂತಳು. ಯಂತ್ರದ ಕಿಟಕಿ ಚಿಕ್ಕದು. ಪಾದದ ಬಾಗಿದ ಭಾಗ, ಪೆಟ್ಟು ಬಿದ್ದ ಜಾಗ, ಅದರ ಚೌಕವನ್ನು ಅಂಚಿನಿಂದ ಅಂಚಿಗೆ ತುಂಬಿಬಿಟ್ಟಿತು. ನಿಲ್ಲಿಸಿ ತೆಗೆದ. ಬಳೆ ಗುಂಯ್ ಎಂದು ತಿರುಗಿತು. ಮಲಗಿಸಿ ತೆಗೆದ. ಎರಡು ಕತ್ತಲ ಚಿತ್ರಗಳೂ ಅಕ್ಕಪಕ್ಕ ಬಂದವು. ಮಸುಕು ನೇಯ್ಗೆ, ಎರಡರಲ್ಲೂ ಒಂದೇ ಥರ, ಚಾಪೆ ಹಾಸಿದ ಹಾಗೆ. ಬಿಳಿ ಗೆರೆ ಎಲ್ಲೂ ಇಲ್ಲ.

"ಇದೇನು ಚುಕ್ಕೆ?" ಅಂದಳು ಪುಟ್ಟಿ.

"ಅಂಟಿನ ಗುಳ್ಳೆ. ಮಾಡುವಾಗಲೇ ಸೇರಿದ್ದು. ಏನೂ ತೊಂದರೆ ಇಲ್ಲ" ಅಂದ. ಅವನು ಆ ಚುಕ್ಕೆಯನ್ನು ನೋಡಲಿಲ್ಲ, ಮಗಳ ಮುಖ ನೋಡಿದ. ಯಾರ ಚಿತ್ರವಾಗಿದ್ದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದವನು, ಜೀವನದಲ್ಲಿ ಒಂದೇ ಒಂದು ಸಲ, ಇಲ್ಲ ಅನ್ನಿಸಿದ ಕೂಡಲೇ ಇಲ್ಲ ಎಂದು ನಂಬಿಬಿಟ್ಟ. ಅವತ್ತು ಸಂಜೆ ಮನೆಯಲ್ಲಿ ಅವನು ಲೋಟ ನೋಡದೆ ಚಹಾ ಕುಡಿದ. ಹೆಂಡತಿ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು.

ಮರುದಿನ ಬೆಳಗ್ಗೆ ಪುಟ್ಟಿ ದೀಪ ಕಟ್ಟಿ ತೋರಿಸಲು ರಂಗಮಂದಿರಕ್ಕೆ ಬೇಗ ಹೊರಟುಹೋದಳು. ಅವನು ಕೆಲಸಕ್ಕೆ ಬಂದು ಕೋಟು ಹಾಕಿಕೊಳ್ಳುತ್ತಿದ್ದಾಗ ಮೇಡಂ ಯಂತ್ರದೊಳಗೆ ತಲೆ ಹಾಕಿ, "ನೋಡಿ ಇಲ್ಲಿ, ಹಿಡಿತದ ತಿರುಪು ಸಡಿಲ ಆಗಿದೆ. ಬಳೆ ತಿರುಗ್ತಿದೆ, ವಸ್ತು ತಿರುಗ್ತಿಲ್ಲ. ಯಾವಾಗಿಂದ ಹೀಗಿದೆಯೋ ಏನೋ" ಅಂದರು. ಅವನು ತಿರುಪುಳಿ ಹುಡುಕುತ್ತಿದ್ದ. ಕೈ ಅಲ್ಲೇ ನಿಂತಿತು.

ನಿನ್ನೆಯ ಚಿತ್ರಗಳನ್ನು ತೆಗೆದ. ಗುಳ್ಳೆ ಮೊದಲನೆಯದರಲ್ಲಿ ಎಡಗಡೆ ಮೇಲಿನ ಮೂಲೆಯಲ್ಲಿತ್ತು. ಪಾದ ನಿಜವಾಗಿ ಮಲಗಿದ್ದರೆ ಎರಡನೆಯದರಲ್ಲೂ ಅದು ಅಲ್ಲೇ ಇರಬೇಕು. ಇದ್ದದ್ದು ಎಡಗಡೆ ಕೆಳಗೆ. ಪಾದ ಮಲಗಿಯೇ ಇರಲಿಲ್ಲ. ನಿಂತ ಚಿತ್ರವನ್ನೇ ಎರಡು ಸಲ ತೆಗೆದಿದ್ದ, ಕಂಪ್ಯೂಟರು ಎರಡನೆಯದನ್ನು ಪಾಪ ತನ್ನ ಪಾಡಿಗೆ ತಿರುಗಿಸಿ ಇಟ್ಟಿತ್ತು. ಚಿತ್ರದಲ್ಲಿ ಪಾದದ ಅಂಚು ಕಾಣುತ್ತಿದ್ದರೆ ಮಗುವೂ ಹೇಳುತ್ತಿತ್ತು. ಅಂಚಿರಲಿಲ್ಲ, ಬರೀ ನೇಯ್ಗೆ. ಅಡ್ಡ ಬಿರುಕಿದ್ದರೆ ಅದನ್ನು ಯಾರೂ ನೋಡಿಯೇ ಇಲ್ಲ. ಮಗಳೇ ಬೆರಳಿಟ್ಟು ತೋರಿಸಿದ್ದಳು, ಇದೇನು ಎಂದು ಕೇಳಿದ್ದಳು.

ಫೋನು ಮಾಡಿದ. ಅವಳು ಕತ್ತರಿಸಿದಳು. ಮತ್ತೆ ಮಾಡಿದ, ಮತ್ತೆ ಕತ್ತರಿಸಿದಳು. ಆಮೇಲೆ ಫೋನೇ ಆರಿಹೋಯಿತು. ಮಾತು ಕೊಟ್ಟು ಮರುದಿನವೇ ಶುರು ಹಚ್ಚಿಕೊಂಡ ಅಪ್ಪನ ಫೋನನ್ನು ಯಾವ ಮಗಳು ತಾನೇ ಎತ್ತುತ್ತಾಳೆ? ಅವನು ಕೋಟಿನಲ್ಲೇ ಓಡಿದ. ಬಸ್ಸಿನಲ್ಲಿ ನಿಂತು, ಮುಂದೆ ಹೋಗುವ ಪ್ರತಿ ಗಾಡಿಗೂ ಮನಸ್ಸಿನಲ್ಲೇ ಶಾಪ ಹಾಕಿದ. ಆ ಗೋಡೆಯನ್ನು ಅವನು ಎಷ್ಟು ಮರೆಯಬೇಕೆಂದರೂ ಅದು ಬಸ್ಸಿನ ಗಾಜಿನ ಆಚೆ ಜೊತೆಗೇ ಬರುತ್ತಿತ್ತು.

ರಂಗಮಂದಿರದ ಹಿಂಬಾಗಿಲು ತೆರೆದೇ ಇತ್ತು. ಒಳಗೆ ವೇದಿಕೆಯ ಮೇಲೆ ಉದ್ದನೆಯ ಕಬ್ಬಿಣದ ಏಣಿ ನಿಂತಿತ್ತು. ತಂಡದವರು ಕೈಕಟ್ಟಿಕೊಂಡು ಸುತ್ತ ನಿಂತಿದ್ದರು, ನೋಡೋಣ ಎನ್ನುವ ಮುಖ ಮಾಡಿಕೊಂಡು. ಪುಟ್ಟಿ ಸೊಂಟಕ್ಕೆ ಹಗ್ಗ ಬಿಗಿದು, ಭುಜಕ್ಕೆ ತಂತಿಯ ಸುರುಳಿ ಹಾಕಿಕೊಂಡು ಏಣಿಗೆ ಕೈ ಹಚ್ಚಿದ್ದಳು. ನಗುತ್ತಿದ್ದಳು. ಅಷ್ಟು ಚೆನ್ನಾಗಿ ನಕ್ಕದ್ದನ್ನು ಅವನು ಬಹಳ ಕಾಲದಿಂದ ನೋಡಿರಲಿಲ್ಲ.

"ಪುಟ್ಟಿ, ಹತ್ತಬೇಡ."

ನಗು ಹೋಯಿತು. "ಅಪ್ಪಾ. ನಿನ್ನೆ ಏನು ಮಾತಾಗಿತ್ತು?"

"ನಿನ್ನೆ ತೆಗೆದದ್ದು ಸರಿಯಾಗಿಲ್ಲ. ಹಿಡಿತ ಜಾರಿತ್ತು. ಪಾದ ಮಲಗೇ ಇಲ್ಲ, ಎರಡು ಸಲಾನೂ ನಿಂತೇ ಇತ್ತು. ಅರ್ಧ ಮಾತ್ರ ನೋಡಿದೀವಿ."

ಅವಳು ಸುತ್ತ ಇದ್ದವರ ಕಡೆ ತಿರುಗಿ ಏನೋ ಹಗುರಾಗಿ ಹೇಳಲು ನೋಡಿದಳು. "ನಮ್ಮಪ್ಪ. ಚಹಾದ ಲೋಟದಲ್ಲೂ ಬಿರುಕು ಹುಡುಕ್ತಾರೆ." ಯಾರೋ ನಕ್ಕರು. ದೀಪದ ಯಜಮಾನರು ಹತ್ತಿರ ಬಂದು ಅವನ ತೋಳು ಹಿಡಿದರು. "ಹೆದರಬೇಡಿ, ಹಗ್ಗ ಇದೆ, ನಾವೆಲ್ಲ ಇದೀವಿ. ಹುಡುಗಿ ಗಟ್ಟಿಗಿತ್ತಿ."

ಹಗ್ಗವನ್ನು ಮೇಲೆ ತಲುಪಿದಮೇಲಷ್ಟೇ ಕೊಳವೆಗೆ ಸಿಕ್ಕಿಸುವುದು. ಅಲ್ಲಿಯವರೆಗೆ ಅದು ಬರೀ ಸೊಂಟದ ಅಲಂಕಾರ ಎಂಬುದನ್ನು ಅವನು ಒಂದೇ ನೋಟಕ್ಕೆ ನೋಡಿಕೊಂಡ. "ಇಲ್ಲ ಸ್ವಾಮಿ, ನಿಮಗೆ ಗೊತ್ತಾಗ್ತಿಲ್ಲ" ಅಂದ. ಧ್ವನಿ ಕೀರಲಾಗಿತ್ತು. ಪುಟ್ಟಿ ಆಗಲೇ ಕಾರ್ಬನ್ ಪಾದವನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟಿದ್ದಳು. ಭಾರ ಬೀಳುತ್ತಲೇ ಅದು ಬಗ್ಗಿದ್ದು ಅವನಿಗೆ ಕಂಡಿತು. ಯಾವಾಗಲೂ ಬಗ್ಗುವಷ್ಟೇ ಬಗ್ಗಿತ್ತು. ಅವನ ಕಣ್ಣಿಗೆ ಅದು ಮುರಿಯುತ್ತಿತ್ತು.

"ಕೈ ಮುಗಿತೀನಿ, ಪುಟ್ಟಿ."

ಅವಳು ಏಣಿ ಹಿಡಿದೇ ತಿರುಗಿದಳು. ಮುಖ ಕೆಂಪಾಗಿತ್ತು, ಧ್ವನಿ ಮಾತ್ರ ತಣ್ಣಗಿತ್ತು. "ಒಂದೇ ಮಾತು ಕೇಳ್ತೀನಿ, ಸರಿಯಾಗಿ ಹೇಳು. ಚಿತ್ರದಲ್ಲಿ ಬಿರುಕು ಕಂಡ್ಯಾ, ಇಲ್ವಾ? ಹೆದರಿಕೆ ಬೇಡ. ಕಂಡ್ಯಾ?"

ಇಲ್ಲ ಅಂದರೆ ಹತ್ತುತ್ತಾಳೆ. ಗೊತ್ತಿಲ್ಲ ಅಂದರೂ ಹತ್ತುತ್ತಾಳೆ. ಒಂದು ಸಲ ಕಂಡೂ ಬಾಯಿ ಮುಚ್ಚಿಕೊಂಡಿದ್ದಕ್ಕೆ ಬಂದದ್ದು ಎದುರಿಗೇ ಏಣಿಯ ಮೆಟ್ಟಿಲ ಮೇಲಿತ್ತು.

"ಕಂಡೆ" ಅಂದ. "ಬೆಳಗ್ಗೆ ಮತ್ತೆ ನೋಡಿದಾಗ ಕಂಡಿತು. ಬಾಗಿದ ಕಡೆ. ಇದೆ."

ಅವಳು ಅವನ ಮುಖವನ್ನೇ ನೋಡಿದಳು. ಅವನು ರೆಪ್ಪೆ ಹಾಕಲಿಲ್ಲ. ಆಮೇಲೆ ಅವಳು ಪಾದವನ್ನು ಕೆಳಗಿಳಿಸಿದಳು. ತಂತಿಯ ಸುರುಳಿಯನ್ನು ಭುಜದಿಂದ ತೆಗೆದು ಅಂದವಾಗಿ ಸುತ್ತಿ ನೆಲದ ಮೇಲಿಟ್ಟಳು. ದೀಪದ ಪೆಟ್ಟಿಗೆಯ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆ ಕೃತಕ ಕಾಲಿನ ತಿರುಪು ಬಿಚ್ಚಿ ಪಾದ ಕಳಚಿ ಅವನ ಕೈಗೆ ಕೊಟ್ಟಳು. ತಂಡದವರಲ್ಲೊಬ್ಬ ಪಕ್ಕದವನಿಗೆ, "ನಾನು ಆಗಲೇ ಹೇಳಲಿಲ್ವಾ" ಅಂದದ್ದು ಎಲ್ಲರಿಗೂ ಕೇಳಿಸಿತು. ಯಜಮಾನರು ನೆಲ ನೋಡುತ್ತ, "ಇನ್ನೊಂದು ಸಲ ಬರುವಾಗ ನೋಡೋಣಮ್ಮ" ಅಂದರು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಪುಟ್ಟಿಗೂ. ಏಣಿ ಹತ್ತಲು ಬೇರೊಬ್ಬ ಆಗಲೇ ಚಪ್ಪಲಿ ಬಿಡುತ್ತಿದ್ದ.

ಬಾಡಿಗೆ ಗಾಡಿಯಲ್ಲಿ ಅವಳನ್ನು ಮನೆಗೆ ಬಿಟ್ಟು, ಅವನು ಪಾದವನ್ನು ಕೋಟಿನಲ್ಲಿ ಸುತ್ತಿಕೊಂಡು ಕೆಲಸಕ್ಕೆ ಮರಳಿದ. ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಲಿಲ್ಲ; ಮತ್ತೆ ತೆಗೆಯಬೇಕು ಅಂದನಷ್ಟೆ. ಹಿಡಿತದ ತಿರುಪನ್ನು ಕೈ ನೋಯುವಷ್ಟು ಬಿಗಿದ. ಪಾದವನ್ನು ನಿಲ್ಲಿಸಿ ತೆಗೆದ. ಬಳೆ ತಿರುಗಿತು, ಈ ಸಲ ಪಾದವೂ ತಿರುಗಿತು, ಬಾಗಿಲಿನ ಗಾಜಿನಿಂದ ಕಣ್ಣಾರೆ ನೋಡಿದ. ಮಲಗಿಸಿ ತೆಗೆದ.

ಗುಳ್ಳೆ ಎರಡರಲ್ಲೂ ಒಂದೇ ಜಾಗದಲ್ಲಿತ್ತು. ಬಿರುಕಿರಲಿಲ್ಲ.

ಸರಿಸಿ ಪಕ್ಕದ ಭಾಗ ತೆಗೆದ, ಹಿಮ್ಮಡಿ ತೆಗೆದ, ತುದಿ ತೆಗೆದ. ಓರೆಯಾಗಿ ಹಿಡಿದು ತೆಗೆದ. ತೆರೆಯ ಬೆಳಕು ಹೆಚ್ಚಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ನೇಯ್ಗೆಯ ಒಂದೊಂದು ಎಳೆಯನ್ನೂ ಬೆರಳಿಟ್ಟು ಹಿಂಬಾಲಿಸಿದ. ಎಷ್ಟೋ ವರ್ಷ ಬಿರುಕು ಇರದಿರಲಪ್ಪಾ ಎಂದು ಹುಡುಕಿದವನು ಈಗ ಒಂದೇ ಒಂದು ಇರಲಿ ಎಂದು ಬೇಡಿಕೊಳ್ಳುತ್ತಿದ್ದ. ಉಗುರಿನಷ್ಟು ಸಾಕು. ಎಳೆಯಷ್ಟು ಸಾಕು. ಮೇಡಂ ಹಿಂದೆ ಬಂದು ನಿಂತು ನೋಡಿ, "ಅಬ್ಬಾ, ಎಷ್ಟು ಚೊಕ್ಕವಾಗಿದೆ! ಇನ್ನೂ ಯಾಕೆ ಮುಖ ಹಾಗೆ ಮಾಡ್ಕೊಂಡಿದೀರ? ಮಗಳಿಗೆ ಫೋನ್ ಮಾಡಿ ಹೇಳಿ" ಅಂದು ಬೆನ್ನು ತಟ್ಟಿ ಹೋದರು.

ಉಪಕರಣದ ಸೆಳೆಖಾನೆಯಲ್ಲಿ ಒಂದು ಸುತ್ತಿಗೆಯಿತ್ತು. ಪಾದವನ್ನು ಮೇಜಿನ ಅಂಚಿನ ಮೇಲಿಟ್ಟು ಅವನು ಅದನ್ನು ಕೈಗೆ ತೆಗೆದುಕೊಂಡ. ಒಂದು ಪೆಟ್ಟು. ಬಟ್ಟೆ ಸುತ್ತಿ ಹೊಡೆದರೆ ಹೊರಗೆ ಗುರುತೂ ಬೀಳುವುದಿಲ್ಲ. ಎಲ್ಲಿ ಹೊಡೆದರೆ ಒಳಗೆ ಎಷ್ಟು ಬಿಡುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಯಂತ್ರಕ್ಕೆ ಹಾಕಿದರೆ ಬಿಳಿ ಗೆರೆ ಬರುತ್ತದೆ, ಬೆಳಗಿನ ಮಾತು ನಿಜವಾಗುತ್ತದೆ, ಅಪ್ಪ ನನ್ನ ಜೀವ ಉಳಿಸಿದ ಎಂದು ಮಗಳು ಅಂದುಕೊಳ್ಳುತ್ತಾಳೆ. ಸುತ್ತಿಗೆ ಎತ್ತಿದ. ಪಾದದ ಅಡಿಯ ರಬ್ಬರು ಒಂದು ಪಕ್ಕಕ್ಕೆ ಸವೆದಿತ್ತು, ಪುಟ್ಟಿ ಬಲಕ್ಕೆ ಸ್ವಲ್ಪ ವಾಲಿ ನಡೆಯುತ್ತಾಳೆ. ನಡೆಯಲು ಅವಳಿಗಿರುವುದು ಇದೊಂದೇ. ಸುತ್ತಿಗೆಯನ್ನು ಸೆಳೆಖಾನೆಗೆ ಹಾಕಿ, ನೆಲದ ಮೇಲೆ ಕುಸಿದು ಕೂತು, ಬಾಯಿಗೆ ಕೋಟಿನ ತೋಳು ಅಡ್ಡ ಹಿಡಿದುಕೊಂಡು ಅತ್ತ.

ಫೋನು ಬಂದಾಗ ಇನ್ನೂ ಅಲ್ಲೇ ಕೂತಿದ್ದ.

"ಅಪ್ಪಾ, ನೋಡ್ದ್ಯಾ? ಎಷ್ಟು ದೊಡ್ಡದಿದೆ?" ಅಂದಳು ಪುಟ್ಟಿ. ಅತ್ತು ಮುಗಿಸಿದ ಧ್ವನಿ. ಜೊತೆಗೆ ಒಂದಿಷ್ಟು ಮೆತ್ತಗೂ ಆಗಿತ್ತು. "ಅಮ್ಮ ಹೇಳ್ತಿದ್ಲು, ನೀನು ಬರದೇ ಇದ್ದಿದ್ರೆ ಇಷ್ಟೊತ್ತಿಗೆ ನಾನು ಆಸ್ಪತ್ರೇಲಿ ಇರ್ತಿದ್ದೆ ಅಂತ. ನಾನು ನಿನ್ ಹತ್ರ ಗಾಡೀಲಿ ಮಾತಾಡ್ಲಿಲ್ಲ, ಬೇಜಾರ್ ಮಾಡ್ಕೋಬೇಡ."

ಉಗುರಿನಷ್ಟು ಅನ್ನಬಹುದಿತ್ತು. ಬಾಯಿಯ ತನಕ ಬಂತು.

"ಇಲ್ಲ ಪುಟ್ಟಿ."

"ಏನಿಲ್ಲ?"

"ಬಿರುಕಿಲ್ಲ. ಎಲ್ಲೂ ಇಲ್ಲ. ಪಾದ ಗಟ್ಟಿಯಾಗಿದೆ."

"ಬೆಳಗ್ಗೆ ಕಂಡೆ ಅಂದ್ಯಲ್ಲ."

"ಕಂಡಿರಲಿಲ್ಲ. ನೀನು ಹತ್ತಿಬಿಡ್ತೀಯ ಅಂತ ಹೇಳ್ಬಿಟ್ಟೆ."

ಆ ಕಡೆ ಹೆಂಡತಿ ಪಾತ್ರೆ ಇಡುವ ಸದ್ದು ಬರುತ್ತಿತ್ತು, ಅದು ನಿಂತಿತು.

"ಈಗಲೇ ಹೋಗಿ ಯಜಮಾನರಿಗೆ ಹೇಳ್ತೀನಿ, ತಪ್ಪು ನಂದು ಅಂತ, ಎಲ್ಲರ ಮುಂದೆ ಹೇಳ್ತೀನಿ" ಅಂದ. ಮಾತಿನ ಮೇಲೆ ಮಾತು ಬೀಳುತ್ತಿತ್ತು.

"ಅವರ ಗಾಡಿ ಹೋಗಾಯ್ತು." ಅವಳು ಹೇಳಿದಳು: "ಇಷ್ಟು ವರ್ಷ ನೀನು ಬಾಯಲ್ಲಿ ಹೇಳಿದ್ದು ಒಂದನ್ನೂ ನಾನು ನಂಬಿರಲಿಲ್ಲ ಅಪ್ಪಾ. ಇವತ್ತು ಚಿತ್ರದಲ್ಲಿ ಕಂಡೆ ಅಂದೆ, ನಂಬಿದ್ದೆ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದ. ಬೈಯಲಿ, ಕಿರುಚಲಿ ಅಂದುಕೊಂಡ. ಅವಳು ಎರಡೂ ಮಾಡಲಿಲ್ಲ.

"ಪಾದ ತಗೊಂಡು ಬೇಗ ಬಾ" ಅಂದಳು. "ಊರುಗೋಲು ಹಸಿ ನೆಲದ ಮೇಲೆ ಜಾರುತ್ತೆ, ಬಚ್ಚಲಿಗೆ ಹೋಗ್ಬೇಕಂದ್ರೂ ಅಮ್ಮನ್ನ ಕರೀಬೇಕಾಗಿದೆ."